ಎರಡನೆಯ ರಿಂಗು

ಫೋನು ಒಮ್ಮೆ ಬಡಿದುಕೊಂಡರೆ ಸಾಕು, ನಾನು ರಿಸೀವರ್ ಎತ್ತಿರುತ್ತೇನೆ. ಬಾಯಲ್ಲಿ ತುತ್ತಿದ್ದರೂ ಅಷ್ಟೇ, ಮುಖದ ಮೇಲೆ ಸೋಪಿದ್ದರೂ ಅಷ್ಟೇ. ರಿಂಗಾಗುತ್ತಿರುವ ಫೋನನ್ನು ಸುಮ್ಮನೆ ನೋಡುತ್ತಾ ಕೂರಬಲ್ಲವರನ್ನು ಕಂಡರೆ ನನಗೆ ಭಯ. ಅವರು ಹಾಲು ಉಕ್ಕುವುದನ್ನೂ ಹಾಗೆಯೇ ನೋಡುತ್ತಾರೇನೋ.

ನನ್ನ ಗೆಳೆಯ ವಾಸು ಅಂಥವನೇ. ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ದೆಹಲಿಗೆ ಬಂದ ಹೊಸತರಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದವರು. ಮದುವೆ, ಮಕ್ಕಳು ಎಲ್ಲ ಆದಮೇಲೂ ಭಾನುವಾರ ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹದ ಕ್ಯಾಂಟೀನಿನಲ್ಲಿ ದೋಸೆ ತಿನ್ನುವುದು ತಪ್ಪಲಿಲ್ಲ. ನಾನು ಹೇಳಿದ ಹೊತ್ತಿಗಿಂತ ಮೊದಲೇ ಹೋಗುತ್ತಿದ್ದೆ. ಅವನು ದೋಸೆ ಹಿಟ್ಟು ಮುಗಿಯುವ ಹೊತ್ತಿಗೆ ಬರುತ್ತಿದ್ದ. ಒಂದು ಭಾನುವಾರ ಕಾದು ಕಾದು ಸಿಟ್ಟು ಬಂದು ನಾನು ಎದ್ದು ಹೊರಟುಬಿಟ್ಟೆ. ಅವತ್ತೇ ಅವನು ಮಗಳ ಮದುವೆಯ ಮೊದಲ ಲಗ್ನಪತ್ರಿಕೆಯನ್ನು ನನಗೆ ಕೊಡಬೇಕೆಂದು ತಂದಿದ್ದನಂತೆ. ಖಾಲಿ ಕುರ್ಚಿ ನೋಡಿ, "ಒಂದು ಗಳಿಗೆ ಕಾಯದವನಿಗೆ ಯಾಕೆ ಕೊಡಲಿ?" ಎಂದನಂತೆ. ಒಂದು ಗಳಿಗೆಯಂತೆ! ನಾನು ಅಲ್ಲಿ ಪೇಪರನ್ನು ಟೆಂಡರು ಜಾಹೀರಾತಿನ ಸಮೇತ ಓದಿ ಮುಗಿಸಿದ್ದೆ.

ಮಾತು ನಿಂತಿತು. ಮದುವೆ ಹತ್ತಿರವಾಗುತ್ತಿತ್ತು. ನನ್ನ ಸ್ಕೂಟರಿನ ಮುಂದೆ ನಿಂತು ಬೆಳೆದ ಹುಡುಗಿ ಅದು. ಕರೆಯದೆ ಹೋಗುವುದು ಹೇಗೆ? ಹೋಗದೆ ಇರುವುದಾದರೂ ಹೇಗೆ?

ಈ ನಡುವೆ ಮೂಕ ಕರೆಗಳು ಶುರುವಾದವು. ಭಾನುವಾರ ಬೆಳಿಗ್ಗೆ ಫೋನು ಬರುತ್ತದೆ, "ಹಲೋ" ಎಂದರೆ ಬರೀ ಉಸಿರು, ಆಮೇಲೆ ಟಕ್. ಮಗಳು ಪಾಲಿಕಾ ಬಜಾರಿನಿಂದ ಕರೆ ಮಾಡಿದವರ ನಂಬರು ತೋರಿಸುವ ಕಾಲರ್ ಐಡಿ ಡಬ್ಬಿಯೊಂದನ್ನು ತಂದು ಫೋನಿನ ಪಕ್ಕ ಕೂರಿಸಿದಳು. ಎಕ್ಸ್‌ಚೇಂಜಿಗೆ ಹೇಳಿ ಸೌಲಭ್ಯವನ್ನೂ ಹಾಕಿಸಿದಳು.

ಆಗ ನನಗೊಂದು ವಿಷಯ ತಿಳಿಯಿತು. ಯಾರು ಫೋನು ಮಾಡುತ್ತಿದ್ದಾರೆಂಬುದು ಎಕ್ಸ್‌ಚೇಂಜಿಗೆ ಎಂದೂ ಗುಟ್ಟಲ್ಲ, ಬಿಲ್ಲು ಹಾಕಬೇಕಲ್ಲ! ಮಾತು ಹೋಗುವ ದಾರಿ ಬೇರೆ, ನಂಬರು ಹೋಗುವ ದಾರಿ ಬೇರೆ. ನಂಬರು ಮಾತಿಗಿಂತ ಮುಂಚೆಯೇ ಹೊರಟು ನಮ್ಮ ಬಡಾವಣೆಯ ಎಕ್ಸ್‌ಚೇಂಜಿಗೆ ಬಂದು ಕೂತಿರುತ್ತದೆ. ಅಲ್ಲಿಂದ ಅದನ್ನು ಡಬ್ಬಿಗೆ ದಾಟಿಸುವುದು ಮೊದಲ ರಿಂಗಿಗೂ ಎರಡನೆಯ ರಿಂಗಿಗೂ ನಡುವಿನ ಮೌನದಲ್ಲಿ. ಆ ಮೌನದಲ್ಲಿ ರಿಸೀವರ್ ಎತ್ತಿದರೆ ಮುಗಿಯಿತು, ನಂಬರು ಅರ್ಧದಲ್ಲೇ ಸಾಯುತ್ತದೆ.

ಎಂಥವನ ಮನೆಗೆ ಎಂಥ ಯಂತ್ರ! ಪ್ರತಿ ಭಾನುವಾರ ನಾನು ಹಾರಿಬಿದ್ದು ಎತ್ತುವುದು, ಡಬ್ಬಿ ಅಡ್ಡಗೆರೆ ತೋರಿಸುವುದು.

"ಪಪ್ಪಾ, ಥೋಡಾ ರುಕೋ ನಾ! ಎರಡನೇ ರಿಂಗ್ ಆಗ್ಲಿ," ಎಂದು ಮಗಳು ತಲೆ ಚಚ್ಚಿಕೊಳ್ಳುತ್ತಿದ್ದಳು. ಹೆಂಡತಿ ತನ್ನ ಪಾಡಿಗೆ ಹುರುಳಿಕಾಯಿ ಮುರಿಯುತ್ತಿದ್ದಳು.

ಮದುವೆಗೆ ಮುಂಚಿನ ಭಾನುವಾರ ಫೋನು ಬಂತು. ಹಾರಿದೆ. ಹುರುಳಿಕಾಯಿಯ ಮೊರ ಪಕ್ಕಕ್ಕಿಟ್ಟು ಹೆಂಡತಿ ನನ್ನ ಮುಂಗೈ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಆ ಒಂದು ಮೌನ ಎಷ್ಟು ಉದ್ದವಿತ್ತೆಂದರೆ ಅಷ್ಟರಲ್ಲಿ ನಾನು ನಿವೃತ್ತನಾಗಬಹುದಿತ್ತು. ಎರಡನೆಯ ರಿಂಗಾಯಿತು. ಡಬ್ಬಿಯ ಮೇಲೆ ಫರೀದಾಬಾದಿನ ಕೋಡು, ಅದರ ಹಿಂದೆ ನನಗೆ ಬಾಯಿಪಾಠವಾಗಿದ್ದ ನಂಬರು.

ಹೆಂಡತಿ ಕೈ ಬಿಟ್ಟಳು. ಎತ್ತಿ, "ವಾಸು," ಎಂದೆ.

ಆ ಕಡೆಯಿಂದ, "ಅಂತೂ ನಂಬರ್ ಬಂತಾ?"

"ಡಬ್ಬಿ ವಿಷಯ ನಿನಗ್ಯಾರು ಹೇಳಿದ್ದು?"

"ನಿನ್ನ ಹೆಂಡ್ತಿ ನನ್ನ ಹೆಂಡ್ತಿಗೆ ಹೇಳಿದ್ಲು. ನಾನಾಗಿ ಮೊದಲು ಮಾತಾಡಲ್ಲ ಅಂತ ಮನೇಲಿ ಹೇಳಿಬಿಟ್ಟಿದ್ದೆ ಕಣೋ. ಮೊದಲು ನಿನ್ನ ದನಿ ಕೇಳಿ ಇಟ್ಬಿಡ್ತಿದ್ದೆ. ಡಬ್ಬಿ ಬಂದ್ಮೇಲೆ, ನಂಬರಾದ್ರೂ ನೋಡಿ ನೀನೇ ಮಾಡ್ತೀಯ ಅಂದ್ಕೊಂಡು ವಾರ ವಾರ ಕಳಿಸ್ತಿದ್ದೀನಿ. ಒಂದು ರಿಂಗ್ ಕಾಯೋಕಾಗಲ್ವೇನೋ ನಿನಗೆ?"

ಹೆಂಡತಿಯ ಕಡೆ ನೋಡಿದೆ. ಅವಳು ಮತ್ತೆ ಹುರುಳಿಕಾಯಿಗೆ ಕೂತಿದ್ದಳು.

ಮದುವೆಯ ದಿನ ಆಟೋ ಹಿಡಿದು ಬೆಳಿಗ್ಗೆಯೇ ಫರೀದಾಬಾದಿಗೆ ಹೋದೆವು. ಛತ್ರದಲ್ಲಿ ಹೂವಿನ ಭಯ್ಯಾ ಬಂದಿದ್ದ, ಓಲಗದವರು ಬಂದಿದ್ದರು, ಗಂಡಿನ ಕಡೆಯವರೂ ಬಂದಿದ್ದರು. ಹೆಣ್ಣಿನ ತಂದೆ ಇನ್ನೂ ಬಂದಿರಲಿಲ್ಲ.

ಒಂದು ಕುರ್ಚಿ ಎಳೆದುಕೊಂಡು ಬಾಗಿಲಿಗೆ ಎದುರಾಗಿ ಕೂತು, ಕಾದೆ.