ಹುಬ್ಬು ತಿದ್ದುವಾಗ ಮಾತು ಬೇಡ

ಮತ್ತೆ ಮಾತಾಡಿಸಿದಳು. ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಹುಬ್ಬು ತಿದ್ದುತ್ತಿರುವ ನಾನು ಉತ್ತರ ಕೊಡಲಾರೆನೆಂದು ಅಂಧೇರಿಯ ಈ ಕಾಲೇಜು ಹುಡುಗಿಗೆ ಹೊಳೆಯುವುದೇ ಇಲ್ಲ. ಇನ್ನೊಂದು ಹುಬ್ಬು ಬಾಕಿ ಇತ್ತು. ಮುಂದಿನ ಬುಕಿಂಗಿಗೆ ಬಾಂದ್ರಾ ತಲುಪುವುದು ತಡವಾದರೆ ಮನೆಮನೆಗೆ ಬ್ಯೂಟಿಷಿಯನ್ ಕಳಿಸುವ ಆ್ಯಪ್‌ನವರು ನನಗೆ ಕೆಲಸ ಕೊಡುವುದನ್ನೇ ನಿಲ್ಲಿಸುತ್ತಾರೆ.

“ಅಕ್ಕಾ, ನಾಳೆ ಇಕನಾಮಿಕ್ಸ್ ಎಕ್ಸಾಮ್. ಸರ್ವಿಸ್ ಸೆಕ್ಟರ್‌ಗೆ ಎಕ್ಸಾಂಪಲ್ ಹೇಳು ನಾ.”

ದಾರ ಬಿಟ್ಟೆ. “ನಾನೇ ಅದೀನಲ್ಲ. ಸುಮ್ನ ಮಲ್ಕೋ.”

“ನೀನು ಇಲ್ಲಿದ್ರೆ ಮನೇಲಿ ನಿನ್ನ ಬೇಬಿನ ಯಾರು ನೋಡ್ತಾರೆ?”

“ನಮ್ಮ ಚಾಳಿನ ಶಾಂತಾ. ಪಗಾರ ಕೊಡ್ತೀನಿ.”

“ಅಂದ್ರೆ ಅವಳೂ ಸರ್ವಿಸ್! ಅವಳ ಬೇಬಿ?”

“ವಿಜಯಪುರದಾಗ, ಅಜ್ಜಿ ಕಡೆ.”

“ಅಜ್ಜಿಗೆ ಪಗಾರ?”

“ಅಜ್ಜಿಗೆ ಯಾರರ ಪಗಾರ ಕೊಡ್ತಾರೇನ, ತಂಗಿ?”

ಹುಡುಗಿ ಒಂದೇ ಹುಬ್ಬು ತಿದ್ದಿದ ಮುಖ ಹೊತ್ತು ಎದ್ದು ಕುಳಿತಳು. “ಹಾಗಾದ್ರೆ ಅಜ್ಜಿ ಯಾವ ಸೆಕ್ಟರ್, ಅಕ್ಕಾ?”