ಇಂಜಿನ್ ಬಂದ್ ಮಾಡಿದ ಧಣಿ

ನಮ್ಮ ಧಣಿಗಳ ಬಲಗೈಯ ತೋರುಬೆರಳು ಅರ್ಧವೇ ಇತ್ತು. ಉಳಿದರ್ಧವನ್ನು ಅವರು ಕ್ಲೀನರ್ ಆಗಿದ್ದ ಕಾಲದಲ್ಲಿ ಯಾವುದೋ ಬಸ್ಸಿನ ಫ್ಯಾನ್ ಬೆಲ್ಟು ತಿಂದುಹಾಕಿತ್ತು. ಆ ಮೋಟು ಬೆರಳಲ್ಲೇ ಅವರು ಹಣೆಗೆ ಗಂಧ ಇಟ್ಟುಕೊಳ್ಳುತ್ತಿದ್ದರು, ಚಕ್ರದ ಗಾಳಿ ತಟ್ಟಿ ನೋಡುತ್ತಿದ್ದರು, ಸಿಟ್ಟು ಬಂದರೆ ನನ್ನ ಎದೆಗೆ ಚುಚ್ಚುತ್ತಿದ್ದರು. ಸಿಟ್ಟು ಆಗಾಗ ಬರುತ್ತಿತ್ತು. ಚುಚ್ಚಿದರೆ ನೋಯುತ್ತಿತ್ತು.

ಎಂಬತ್ತರ ದಶಕದಲ್ಲಿ ಉಡುಪಿಯಿಂದ ಮಣಿಪಾಲದ ಮೇಲೆ ಕಾರ್ಕಳಕ್ಕೆ ಹೋಗುವ ಅವರ ಬಸ್ಸಿಗೆ ನಾನು ಕಂಡಕ್ಟರ್. ಅವರಿಗೆ ಇದ್ದದ್ದೇ ಒಂದು ಬಸ್ಸು. ಕ್ಲೀನರ್ ಆಗಿ, ಆಮೇಲೆ ಡ್ರೈವರ್ ಆಗಿ, ಅರ್ಧ ಆಯುಷ್ಯ ಸವೆಸಿ ಕೊಂಡದ್ದು. ಮಾಲಕರಾದ ಮೇಲೂ ದಿನಕ್ಕೆ ಒಂದು ಟ್ರಿಪ್ಪಾದರೂ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿದ್ದರು. ಗಟ್ಟಿಮುಟ್ಟಾದ ಗಂಡಸು ಮುದುಕಿಗೆ ಸೀಟು ಬಿಡದೆ ಕೂತಿದ್ದರೆ ಹತ್ತಿರ ಹೋಗಿ, "ಸ್ವಾಮಿ, ನಿಮ್ಮ ಕಾಲಿಗೆ ಎಂತ ಆಯಿತು?" ಎಂದು ಬಹಳ ಕಳಕಳಿಯಿಂದ ವಿಚಾರಿಸುತ್ತಿದ್ದರು. ಆತ ತೆಪ್ಪಗೆ ಏಳುತ್ತಿದ್ದ.

ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಆಗ ಒಂದು ವಿದ್ಯೆ ಇತ್ತು. ಬಸ್ಸು ಹೊರಡಲು ಎಷ್ಟೇ ಹೊತ್ತಿರಲಿ, ಇಂಜಿನ್ ಗುರುಗುಟ್ಟುತ್ತಲೇ ಇರಬೇಕು. ಡ್ರೈವರ್ ಒಂದು ಮೊಳ ಮುಂದೆ ಬಿಡಬೇಕು, ಒಂದು ಮೊಳ ಹಿಂದೆ ತರಬೇಕು. ಏಜೆಂಟ್ ಕಾರ್ಕಳದ ತುಳು ಹೆಸರು ಹಿಡಿದು "ಕಾರ್ಲ ಕಾರ್ಲ ಕಾರ್ಲ!" ಎಂದು ಬೊಬ್ಬೆ ಹೊಡೆಯಬೇಕು. ಇನ್ನೇನು ಬಿಟ್ಟೇಬಿಟ್ಟಿತು ಎಂದು ಜನ ಬಿದ್ದು ಎದ್ದು ಓಡಿ ಬಂದು ಹತ್ತುತ್ತಿದ್ದರು. ಹತ್ತಿ ಕೂತ ಮೇಲೆ ಬೆವರು ಒರೆಸಿಕೊಳ್ಳುತ್ತಾ ನಮ್ಮನ್ನು ಬಯ್ಯುತ್ತಿದ್ದರು. ಮರುದಿನ ಮತ್ತೆ ಓಡಿ ಬರುತ್ತಿದ್ದರು. ಈ ವಿದ್ಯೆಯಲ್ಲಿ ನಮ್ಮ ಬಸ್ಸೂ ಯಾರಿಗೂ ಕಡಿಮೆ ಇರಲಿಲ್ಲ.

ಒಂದು ದಿನ ಮಣಿಪಾಲದಲ್ಲಿ ಮೈಸೂರು ಕಡೆಯ ಪ್ರೊಫೆಸರ್ ಒಬ್ಬರು ಹತ್ತಿದರು. ಕಾಲೇಜಿಗೆ ಭಾಷಣಕ್ಕೆಂದು ಬಂದವರು ಕಾರ್ಕಳದ ಗೊಮ್ಮಟನನ್ನು ನೋಡಲು ಹೊರಟಿದ್ದರು. ಧಣಿಗಳ ಪಕ್ಕದಲ್ಲೇ ಕೂತರು. ಬಸ್ಸು ನಿಂತಲ್ಲೇ ಹೊಗೆ ಕಾರುತ್ತಿತ್ತು. ಪ್ರೊಫೆಸರ್ ಮೂಗು ಮುಚ್ಚಿಕೊಂಡು, "ಈ ಹೊಗೆ ಎಲ್ಲಿಗೆ ಹೋಗುತ್ತೆ ಗೊತ್ತೇ?" ಎಂದರು.

"ಗಾಳಿಗೆ. ಮತ್ತೆ ಎಲ್ಲಿಗೆ?" ಎಂದರು ಧಣಿ.

"ಹೋಗಿ ಅಲ್ಲೇ ಉಳಿಯುತ್ತೆ. ಕಲ್ಲಿದ್ದಲು, ಎಣ್ಣೆ ಸುಟ್ಟದ್ದರಲ್ಲಿ ಕಣ್ಣಿಗೆ ಕಾಣದ ಒಂದು ಅನಿಲ ಇದೆ. ಅದು ಸೆಕೆಗಾಲದಲ್ಲಿ ಭೂಮಿಗೆ ಕಂಬಳಿ ಹೊದಿಸಿದ ಹಾಗೆ. ನಮ್ಮ ಮೊಮ್ಮಕ್ಕಳ ಕಾಲಕ್ಕೆ ಬಿಸಿಲೂ ಬೇರೆ, ಮಳೆಯೂ ಬೇರೆ."

ಹಿರಿಯಡ್ಕ ಬರುವವರೆಗೆ ಧಣಿಗಳು ಕಿಟಕಿಯಿಂದ ತಲೆ ಹೊರಹಾಕಿ ಬಸ್ಸಿನ ಹಿಂದಿನ ಹೊಗೆಯನ್ನೇ ನೋಡಿದರು. ಆಮೇಲೆ, "ಅದಕ್ಕೆ ಎಂತ ಮಾಡುವುದು?" ಎಂದು ಕೇಳಿದರು.

"ಸರ್ಕಾರಗಳು ಯೋಚಿಸಬೇಕು."

"ನಮ್ಮಲ್ಲಿ ಸರ್ಕಾರದ ಬಸ್ಸೇ ಇಲ್ಲವಲ್ಲ ಮಾರಾಯ್ರೆ! ಇಲ್ಲಿ ಹೊಗೆ ಬಿಡುವವರೆಲ್ಲ ನಾವೇ."

ಪ್ರೊಫೆಸರ್ ನಕ್ಕರು. ಧಣಿಗಳು ನಗಲಿಲ್ಲ. ಅವರ ಮುಖ ಅಷ್ಟು ಬಿಳುಚಿಕೊಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ವಾರವೇ ಬಸ್ಸು ಮಾಲಕರ ಮೀಟಿಂಗ್ ಇತ್ತು. ನನ್ನನ್ನೂ ಕರೆದುಕೊಂಡು ಹೋದರು. ಎದ್ದು ನಿಂತು, "ಬಸ್ಸು ನಡೆಸದೆ ಆಗುವುದಿಲ್ಲ, ಅದು ನಮ್ಮ ವ್ಯಾಪಾರ. ಆದರೆ ನಿಂತಲ್ಲಿ ಡೀಸೆಲ್ ಸುಡುವುದು ಯಾವ ವ್ಯಾಪಾರ? ಹೊರಡುವ ಹೊತ್ತಿನವರೆಗೆ ಎಲ್ಲರೂ ಇಂಜಿನ್ ಬಂದ್ ಮಾಡುವ" ಎಂದರು. ಕಂಬಳಿಯ ಕಥೆಯನ್ನೂ ಹೇಳಿದರು. ಮೊದಲು ಎಲ್ಲರೂ ಪಿಳಿಪಿಳಿ ನೋಡಿದರು. ಆಮೇಲೆ ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಮ್ಮದೇ ರೂಟಿನಲ್ಲಿ ಬಸ್ಸು ಬಿಡುತ್ತಿದ್ದ ಇನ್ನೊಬ್ಬ ಮಾಲಕರು, "ಮೊದಲು ನೀವು ಮಾಡಿ ತೋರಿಸಿ ಧಣಿ. ಆಮೇಲೆ ನಾವು" ಎಂದರು. ಅದು ತಮಾಷೆಯ ಮಾತು. ನಮ್ಮವರು ಅದನ್ನು ಕರಾರು ಎಂದೇ ತಿಳಿದರು.

ಮರುದಿನ ಬೆಳಿಗ್ಗೆ ಸ್ಟ್ಯಾಂಡಿಗೆ ಬಂದವರೇ ಡ್ರೈವರಿಗೆ, "ಬಂದ್ ಮಾಡು" ಎಂದರು. ನನಗೆ ಸಿಡಿಲು ಬಡಿದ ಹಾಗಾಯಿತು. ಅಷ್ಟು ಗದ್ದಲದ ನಡುವೆ ನಮ್ಮ ಬಸ್ಸೊಂದು ಬಾಯಿ ಮುಚ್ಚಿಕೊಂಡು ನಿಂತಿತ್ತು. ಒಳಗೆ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಅಜ್ಜಿ ಬುಟ್ಟಿ ಎತ್ತಿಕೊಂಡು ಇಳಿದೇಬಿಟ್ಟಳು.

"ಎಲ್ಲಿಗೆ ಅಜ್ಜಿ? ಟೈಮಿಗೆ ಸರಿಯಾಗಿ ಹೊರಡ್ತದೆ" ಎಂದೆ.

"ಇದು ಎಲ್ಲಿ ಹೊರಡುವುದು ಮಗಾ? ನಿದ್ದೆ ಮಾಡ್ತಾ ಉಂಟು."

ಪಕ್ಕದ ಬಸ್ಸಿನ ಏಜೆಂಟ್ ಸುಮ್ಮನಿರುತ್ತಾನೆಯೇ? "ಅದರ ಸೆಲ್ಫ್ ಹೋಗಿದೆ! ತಳ್ಳಲಿಕ್ಕೆ ತಾಕತ್ತು ಇದ್ದವರು ಮಾತ್ರ ಅದಕ್ಕೆ ಹತ್ತಿ!" ಎಂದು ಕೂಗಿದ. ಉಳಿದವರೂ ಇಳಿದು ಅತ್ತ ಓಡಿದರು. ಸರಿಯಾದ ಹೊತ್ತಿಗೆ, ಒಂದೇ ಸಲಕ್ಕೆ ಸ್ಟಾರ್ಟ್ ಆಗಿ, ನಮ್ಮ ಬಸ್ಸು ಖಾಲಿ ಸೀಟುಗಳನ್ನು ಹೊತ್ತುಕೊಂಡು ಹೊರಟಿತು.

ಎರಡು ದಿನದ ಹುಚ್ಚು ಎಂದು ನಾನೂ ಡ್ರೈವರೂ ಎಣಿಸಿದ್ದೆವು. ಹುಚ್ಚು ಒಂದು ವರ್ಷ ನಡೆಯಿತು! ಧಣಿಗಳು ತಾವೇ ಬಾಗಿಲ ಬಳಿ ನಿಂತು, "ಕೂತ್ಕೊಳ್ಳಿ, ಮೋಸ ಇಲ್ಲ" ಎಂದು ಕೈಮುಗಿಯುತ್ತಿದ್ದರು. ನಾನು ಒಮ್ಮೆ ತಡೆಯಲಾರದೆ, "ಧಣಿ, ನಮ್ಮ ಒಂದು ಬಸ್ಸಿನ ಹೊಗೆಯಿಂದ ಲೋಕ ಬಿಸಿ ಆಗ್ತದಾ?" ಎಂದು ರೇಗಿದೆ. ಮೋಟು ಬೆರಳು ಎದೆಗೆ ಬಂತು. "ಎಲ್ಲರೂ ಅದನ್ನೇ ಹೇಳುವುದು ಮಾರಾಯ. ಅದಕ್ಕೇ ಬಿಸಿ ಆಗುವುದು" ಎಂದರು.

ನಷ್ಟದ ಮೇಲೆ ನಷ್ಟವಾಗಿ ಕೊನೆಗೆ ಬಸ್ಸು ಕೈಬಿಟ್ಟಿತು. ಕೊಂಡವರು ಮೀಟಿಂಗಿನಲ್ಲಿ ತಮಾಷೆ ಮಾಡಿದ ಅದೇ ರೂಟಿನ ಮಾಲಕರೇ. ಧಣಿಗಳು ರೇಟು ಇಳಿಸಿ, ಎರಡು ಮಾತು ತೆಗೆದುಕೊಂಡರು: ನನ್ನನ್ನೂ ಡ್ರೈವರನ್ನೂ ಕೆಲಸದಿಂದ ತೆಗೆಯಬಾರದು, ಸ್ಟ್ಯಾಂಡಿನಲ್ಲಿ ಇಂಜಿನ್ ಬಂದ್ ಇರಬೇಕು. ಮೊದಲನೆಯದನ್ನು ಹೊಸ ಮಾಲಕರು ಉಳಿಸಿಕೊಂಡರು. ಎರಡನೆಯದು ಒಂದು ದಿನವೂ ಉಳಿಯಲಿಲ್ಲ. ಗುರುಗುಟ್ಟುವ ಬಸ್ಸಿನಲ್ಲೇ ನಾನು ಟಿಕೆಟ್ ಹರಿದೆ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಉಡುಪಿ ಸ್ಟ್ಯಾಂಡಿನಲ್ಲಿ ಬಸ್ಸು ಎಂದಿನಂತೆ ಗುರುಗುಟ್ಟುತ್ತಿತ್ತು. ಡ್ರೈವರ್ ಮೊಳದಷ್ಟು ಮುಂದೆ ಬಿಟ್ಟ. ಎದುರಿನ ಹೋಟೆಲಿನಿಂದ ಯಾರೋ ಒಬ್ಬರು ಪಂಚೆ ಎತ್ತಿ ಹಿಡಿದು, "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗುತ್ತಾ ಓಡಿ ಬಂದು, ಬಾಗಿಲ ಕಂಬಿ ಹಿಡಿದು ಹತ್ತಿದರು. ನೋಡಿದರೆ ನಮ್ಮ ಧಣಿಗಳು!

"ಬಿಟ್ಟಿತು ಅಂತ ಎಣಿಸಿದೆ ಮಾರಾಯ. ಕಾಫಿ ಅರ್ಧಕ್ಕೇ ಇಟ್ಟು ಬಂದೆ" ಎಂದರು ಏದುಸಿರು ಬಿಡುತ್ತಾ.

"ಧಣಿ, ಹೊರಡಲಿಕ್ಕೆ ಇನ್ನೂ ಕಾಲು ಗಂಟೆ ಉಂಟು" ಎಂದೆ.

ಅವರು ಗರ ಬಡಿದವರ ಹಾಗೆ ನನ್ನನ್ನೇ ನೋಡಿದರು. ಆಮೇಲೆ ಕಾಲ ಕೆಳಗೆ ನಡುಗುತ್ತಿದ್ದ ಹಲಗೆಯನ್ನು ನೋಡಿದರು. "ನಾನೇ ಓಡಿ ಬಂದೆನಲ್ಲ!" ಎಂದರು. "ಎಲ್ಲ ಗೊತ್ತಿದ್ದ ನಾನೇ ಓಡಿ ಬಂದ ಮೇಲೆ ಅವತ್ತು ಇಳಿದು ಹೋದ ಆ ಅಜ್ಜಿಯನ್ನು ಎಂತ ಹೇಳುವುದು? ನಾನೊಬ್ಬನೇ ಮಾಡಿದ್ದೇ ತಪ್ಪು. ಎಲ್ಲರೂ ಒಟ್ಟಿಗೆ ಬಂದ್ ಮಾಡಿದರೆ ಜನ ಯಾವ ಬಸ್ಸಿಗೆ ಓಡ್ತಾರೆ? ಯಾರಿಗೂ ನಷ್ಟ ಇಲ್ಲ. ಮೀಟಿಂಗ್ ಯಾವಾಗ ಉಂಟು?"

"ನೀವು ಈಗ ಮಾಲಕರಲ್ಲವಲ್ಲ ಧಣಿ."

"ಪ್ಯಾಸೆಂಜರ್ ಅಲ್ವಾ? ಹೇಳಲಿಕ್ಕೆ ಅಷ್ಟು ಸಾಕು."

ಕಾರ್ಕಳದಲ್ಲಿ ಇಳಿದವರು ಮತ್ತೆ ನನಗೆ ಕಾಣಲಿಲ್ಲ. ಮೀಟಿಂಗಿಗೆ ಮೂರು ದಿನ ಇರುವಾಗ, ಬೆಳಿಗ್ಗೆ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದು ತೀರಿಕೊಂಡರಂತೆ. ಸುದ್ದಿಯನ್ನು ಎದುರಿನಿಂದ ಬಂದ ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ಕೂಗಿ ಹೇಳಿದ. ಕೈಯಲ್ಲಿದ್ದ ಟಿಕೆಟ್ ಪುಸ್ತಕ ಕೆಳಗೆ ಬಿದ್ದದ್ದೂ ನನಗೆ ತಿಳಿಯಲಿಲ್ಲ.

ಮೀಟಿಂಗಿನ ದಿನ ನಾನು ಹೋದೆ. ಯಾರೂ ಕರೆದಿರಲಿಲ್ಲ. ದರ ಏರಿಸುವ ಮಾತು ಮುಗಿದು ಎಲ್ಲರೂ ಏಳುವ ಹೊತ್ತಿಗೆ ಬಾಗಿಲಲ್ಲೇ ನಿಂತು, "ಧಣಿಗಳದ್ದು ಒಂದು ಮಾತು ಬಾಕಿ ಉಂಟು" ಎಂದೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ.

ಈ ಸಲ ಯಾರೂ ನಗಲಿಲ್ಲ. ಇಂಜಿನ್ ಬಂದ್ ಮಾಡಲೂ ಇಲ್ಲ.