ಹಸಿರು ಟಿಕ್ಕನ್ನು ನಂಬದ ಬೆಳ್ಳಿ

...ಕಳಿಸಿದ್ದೆಲ್ಲ ಸೇರಿತು ಅಂದ್ಕೋಬಾರದು ಸಾರ್...
ಹೀಗೇ ಏನೋ ಅಂದಿದ್ದ ಬೆಳ್ಳಿ. ನಿನ್ನೆ ಸಂಜೆ, ಆಫೀಸಿನ ಮೆಟ್ಟಿಲಿಳಿಯುತ್ತ.
ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಸೋಮವಾರ ಹೇಗೂ ಮತ್ತೆ ಹೇಳುತ್ತಾನೆ, ಹೇಳದೆ ಬಿಡುವವನಲ್ಲ ಅಂದುಕೊಂಡೆ.

ಇವತ್ತು ಬೆಳಿಗ್ಗೆ ಅವನ ತಮ್ಮನ ಫೋನ್.
"ಅಣ್ಣ ಹೋಗ್ಬಿಟ್ಟ ಸಾರ್."
"ಎಲ್ಲಿಗೆ?" ಅಂದೆ.
ನಿಜವಾಗಿಯೂ ಹಾಗೇ ಕೇಳಿದೆ...

ಹೃದಯಾಘಾತವಂತೆ. ಇತ್ತಲಾರ್ ಹಟ್ಟಿಯ ಮನೆಯಲ್ಲಿ, ಶೂ ಕಟ್ಟಿಕೊಳ್ಳುತ್ತ ಕೂತವನು ಏಳಲಿಲ್ಲವಂತೆ.
ಇನ್ನೂ ನಂಬಿಕೆ ಬರುತ್ತಿಲ್ಲ. ಇದೂ ಅವನು ಹಚ್ಚಿದ ಚಾಳಿ... ಕಣ್ಣಾರೆ ನೋಡದೆ ಏನನ್ನೂ ನಂಬದಿರುವುದು.

ಅವನನ್ನು ಅರಿಯದವರಿಗಾಗಿ ಎರಡು ಮಾತು.
ಬೆಳ್ಳಿ ನಮ್ಮ ಊಟಿ ಆಫೀಸಿನ ಟೆಸ್ಟರ್. ನಾವು ಬರೆದ ಸಾಫ್ಟ್‌ವೇರ್ ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದು ಅವನ ಕೆಲಸ.
"ಬೆಳ್ಳಿ ಬಂದ, ಬಿಲ್ಡ್ ಬಿತ್ತು" ಅನ್ನುತ್ತಿದ್ದರು ಆಫೀಸಿನವರು, ಅವನಿಗೆ ಕೇಳುವ ಹಾಗೆ.
"ನೀನು ಟೆಸ್ಟರ್ ಅಲ್ಲಯ್ಯ, ಶನಿ," ಅಂದಿದ್ದರು ಮ್ಯಾನೇಜರ್ ಒಮ್ಮೆ.
"ಶನಿ ವಾರಕ್ಕೊಂದು ದಿನ ಸಾರ್. ನಾನು ದಿನಾ ಬತ್ತೀನಿ."

ಈಗ ಅದೇ ಜನ ಬೆಳಗಿನಿಂದ ಪೋಸ್ಟ್ ಬರೆಯುತ್ತಿದ್ದಾರೆ... ಲೆಜೆಂಡ್. ಪರ್ಫೆಕ್ಷನಿಸ್ಟ್. ತುಂಬಲಾರದ ನಷ್ಟ.
ಓದಿ ಓದಿ ಫೋನ್ ಮಗುಚಿಟ್ಟೆ.

ಚೇರಂಬಾಡಿ ಕಡೆಯ ಒಂದು ಟೀ ಎಸ್ಟೇಟಿಗೆ ನಾವೊಂದು ಆ್ಯಪ್ ಮಾಡುತ್ತಿದ್ದೇವೆ.
ಆನೆ ಕಂಡ ಕಾವಲಿನ ವಾಚರ್ ಒಂದು ಬಟನ್ ಒತ್ತುತ್ತಾನೆ. ಆ ಕಡೆ ಎಲೆ ಕೀಳುತ್ತಿರುವ ಹೆಂಗಸರ ಫೋನಿಗೆಲ್ಲ ಎಚ್ಚರಿಕೆ ಹೋಗುತ್ತದೆ. ವಾಚರ್‌ಗೆ ಹಸಿರು ಟಿಕ್ ಬರುತ್ತದೆ... "ತಲುಪಿದೆ."
ನಾವು ಬರೆದ ಟೆಸ್ಟ್‌ಗಳೆಲ್ಲ ಪಾಸ್.

ಬೆಳ್ಳಿ ಒಬ್ಬನೇ ಬಸ್ ಹತ್ತಿ ಅಲ್ಲಿಗೆ ಹೋದ. ಮಂಜು ತುಂಬಿದ ಹಳ್ಳದಲ್ಲಿ ಎಲೆ ಕೀಳುತ್ತಿದ್ದ ಹೆಂಗಸೊಬ್ಬಳ ಪಕ್ಕ ನಿಂತು, ಮೇಲಿದ್ದ ವಾಚರ್‌ಗೆ ಬಟನ್ ಒತ್ತಲು ಕೂಗಿ ಹೇಳಿದ.
ವಾಚರ್‌ಗೆ ಟಿಕ್ ಬಂತು.
ಆಕೆ ಒದ್ದೆ ಕೈ ಸೀರೆಗೆ ಒರೆಸಿ ತನ್ನ ಫೋನ್ ನೋಡಿದಳು. "ಒಣ್ಣುಮೇ ವರಲೆ ಸಾರ್." ಏನೂ ಬರಲಿಲ್ಲ.

ಕಾರಣ ಸಣ್ಣದು. ಸಂದೇಶ ನಮ್ಮ ಸರ್ವರ್ ಬಿಟ್ಟು ಹೊರಟ ಕೂಡಲೇ ಟಿಕ್ ಬೀಳುತ್ತದೆ. ಆಕೆಯ ಫೋನ್ ಮುಟ್ಟಿತೋ ಇಲ್ಲವೋ, ಯಾರೂ ಕೇಳುವುದಿಲ್ಲ.
ಹಾಗಾದರೆ ಟೆಸ್ಟ್ ಪಾಸ್ ಆಗಿದ್ದು ಹೇಗೆ? ಟೆಸ್ಟ್‌ನಲ್ಲಿದ್ದದ್ದು ಫೋನಲ್ಲ. ಫೋನಿನ ವೇಷ ಹಾಕಿದ ನಾಲ್ಕು ಸಾಲು ಕೋಡ್. ಏನು ಕಳಿಸಿದರೂ "ಸಿಕ್ಕಿತು" ಅನ್ನುವಂತೆ ನಾವೇ ಬರೆದದ್ದು.
"ನಿಮ್ಮ ಫೋನಿಗೆ ಬಲು ಮರ್ಯಾದೆ ಸಾರ್," ಅಂದ ಬೆಳ್ಳಿ ಮೀಟಿಂಗ್‌ನಲ್ಲಿ. "ಆನೆಗೂ ಒಂದು ಹಿಂಗೇ ಬರ್ದುಬಿಡಿ. ಬರಬೇಡ ಅಂದ್ರೆ ಬರಲ್ಲ."
ಯಾರೂ ನಗಲಿಲ್ಲ. ಎಡ್ಜ್ ಕೇಸ್, ಅಪರೂಪಕ್ಕೊಮ್ಮೆ ಆಗುವಂಥದ್ದು ಅಂದರು. ಸಿಗ್ನಲ್ ಇಲ್ಲದ್ದು ನಮ್ಮ ತಪ್ಪಲ್ಲ ಅಂದರು.
ಅವನು ದೂರು ದಾಖಲಿಸಿದ. ಅದು ತೆರೆದಿರುವವರೆಗೂ ಆ್ಯಪ್ ಲೈವ್ ಹೋಗುವಂತಿಲ್ಲ, ನಿಯಮ.

ಇವತ್ತು ಮಧ್ಯಾಹ್ನ, ಪದ್ಧತಿಯಂತೆ, ಅವನ ಅಕೌಂಟ್ ಮುಚ್ಚಿದರು.
ಅಕೌಂಟಿನ ಜೊತೆ ಅವನ ಹೆಸರಿನಲ್ಲಿದ್ದ ದೂರುಗಳೂ ತಾವಾಗಿಯೇ ಮುಚ್ಚಿಕೊಂಡವು.
ಆಫೀಸ್ ಗ್ರೂಪಿನಲ್ಲಿ ಮ್ಯಾನೇಜರ್ ಬರೆದರು: "ಬೋರ್ಡ್ ಕ್ಲೀನ್. ಸೋಮವಾರ ಲೈವ್. ಬೆಳ್ಳಿಗೆ ಇದೇ ನಮ್ಮ ಟ್ರಿಬ್ಯೂಟ್."
ಕೆಳಗೆ ಕೈಮುಗಿದ ಚಿತ್ರಗಳ ಸಾಲು...

ಬೆಳ್ಳಿ,
ನಿಮ್ಮಪ್ಪ ತೀರಿಕೊಂಡಾಗ ನಿಮ್ಮ ಹಟ್ಟಿಗೆ ಬಂದಿದ್ದೆ. ನೆನಪಿದೆಯಾ?
ನಿಮ್ಮವರ ಪದ್ಧತಿಯಂತೆ ಹಿರಿಯರೊಬ್ಬರು ಎದ್ದು ನಿಂತು, ಸತ್ತವನ ತಪ್ಪುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳುತ್ತಿದ್ದರು. ಮಾಡಿದ್ದು, ಮಾಡಿರಬಹುದಾದದ್ದು, ಎಲ್ಲ. ಪ್ರತಿಯೊಂದಕ್ಕೂ ಇಡೀ ಹಟ್ಟಿ ಪಾಪ ಅನ್ನುತ್ತಿತ್ತು.
ನನಗೆ ಮುಜುಗರ. ನೀನು ಕಿವಿಯ ಹತ್ತಿರ ಬಂದು ಅಂದೆ: "ನಮ್ಮ ಕೋಡ್ ರಿವ್ಯೂ ಸಾರ್ ಇದು. ಇಲ್ಲಿ ಯಾರೂ ಎಡ್ಜ್ ಕೇಸ್ ಅನ್ನಲ್ಲ. ಎಲ್ಲಾ ಹೇಳಿ ಮುಗಿಸಿದ ಮೇಲೇ ಕಳಿಸೋದು."

ನಾಳೆ ನಿನ್ನದು.
ನಾನು ಹೇಳಬಲ್ಲವು ಕೆಲವಿವೆ. ಹೊಸದಾಗಿ ಸೇರಿದ ಹುಡುಗಿಯ ಕೋಡ್ ನೋಡಿ ನೀನು ಎಲ್ಲರೆದುರು ನಕ್ಕೆ, ಆಕೆ ವಾರದಲ್ಲಿ ಕೆಲಸ ಬಿಟ್ಟಳು... ಪಾಪ. ನೀನು ಹೇಳಿದ್ದು ಸರಿಯಿದ್ದಾಗ ನಿನ್ನ ಮುಖದ ಜಂಭ ನೋಡಲಾಗುತ್ತಿರಲಿಲ್ಲ... ಪಾಪ. ಬೇರೆಯವರ ಡಬ್ಬಿಯಿಂದ ಕೇಳದೆ ತಿನ್ನುತ್ತಿದ್ದೆ... ಅದೂ ಸೇರಲಿ.
ಯಾವ ಪೋಸ್ಟ್‌ನಲ್ಲೂ ಇವು ಇಲ್ಲ. ನಿನ್ನನ್ನೂ ಪಾಸ್ ಮಾಡಿಬಿಟ್ಟಿದ್ದಾರೆ, ನೋಡದೆಯೇ.

ನಿನ್ನ ದೂರನ್ನು ನನ್ನ ಹೆಸರಿನಲ್ಲಿ ಮತ್ತೆ ತೆರೆದೆ.
ಮ್ಯಾನೇಜರ್ ಫೋನ್ ಮಾಡಿದರು. "ಇವತ್ತೊಂದಿನ ಸುಮ್ಮನಿರಬಾರದಾ? ಸಾವಿನ ಮನೆ ಕಣ್ರೀ."
ಐದು ನಿಮಿಷಕ್ಕೆ ದೂರು ಮುಚ್ಚಿತ್ತು. ತೆರೆದೆ. ಮತ್ತೆ ಮುಚ್ಚಿದರು, ಈ ಸಲ ನನ್ನ ಅಕೌಂಟೂ ತೆರೆಯುತ್ತಿಲ್ಲ.

ಅದಕ್ಕೇ ಇಲ್ಲಿ, ಎಲ್ಲರೂ ಓದುವ ಕಡೆ, ಬರೆಯುತ್ತಿದ್ದೇನೆ.
ಚೇರಂಬಾಡಿ, ಗೂಡಲೂರು ಕಡೆಯ ಗೆಳೆಯರೇ, ಸೋಮವಾರದಿಂದ ನಿಮ್ಮಲ್ಲಿ ಯಾರ ಫೋನಿಗಾದರೂ ಈ ಆ್ಯಪ್ ಬಂದರೆ, ವಾಚರ್‌ಗೆ ಹೇಳಿ... ಟಿಕ್ ನೋಡಿ ಮನೆಗೆ ಹೋಗಬೇಡ. ಕೂಗು. ಆ ಕಡೆಯಿಂದ ಯಾರಾದರೂ ಓಗೊಡುವ ತನಕ ಕೂಗು.
ಇದಿಷ್ಟೇ ಬೆಳ್ಳಿಯ ದೂರು. ಕಂಬನಿಯ ಚಿತ್ರ ಹಾಕುವ ಬದಲು ಇದನ್ನು ದಾಟಿಸಿ.

ಹೋಗು ಬೆಳ್ಳಿ. ನಿನ್ನ ಜೀವ ನೆಮ್ಮದಿಯ ದಡ ಸೇರಲಿ ಎಂದು ಇಲ್ಲಿಂದ ಕಳಿಸುತ್ತಿದ್ದೇವೆ...
ಸೇರಿತೋ ಇಲ್ಲವೋ, ನಮಗೆ ಯಾರು ಹೇಳಬೇಕು?